ಬಾರಿಗಿಡದ ಗೂಡು, ಜಿದ್ದಾದ ಕವಡಿ

ನಿಜಾಮರ ಆಳ್ವಿಕೆಯ ಒಂದು ವರ್ಷ ಮುದಗಲ್ಲಿನಿಂದ ಹಜ್‌ಗೆ ಹೋದವರು ಗಂಡ ಹೆಂಡತಿ ಇಬ್ಬರು. ವಾಪಸ್ ಬಂದವನು ರಾಜೇಸಾಬ್ ಒಬ್ಬನೇ. ಹೆಂಡತಿ ಮಾಬುಬೀ ಜಿದ್ದಾ ಬಂದರಿನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಅವಳು ಕಡಲ ದಂಡೆಯಲ್ಲಿ ಆರಿಸಿಕೊಂಡಿದ್ದ ಮುಷ್ಟಿಗಾತ್ರದ ಚುಕ್ಕಿಕವಡಿಯನ್ನು ಗೋಡೆಯ ಮಾಡದಲ್ಲಿಟ್ಟು, ಅದರ ಎದುರಿಗೇ ಕೂತಿರುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಅಕ್ಕ ದಾವಲ್‌ಬೀ ಮಾತಾಡಿಸಿ ಮಾತಾಡಿಸಿ ಸೋತಿದ್ದಳು.

ಮುಂಗಾರಿನ ಮಿರ್ಗದ ಮಳೆ ಬಿದ್ದ ಮೇಲೆ ಅವಳು ಬೇಲಿಗೆಂದು ಬಾರಿಗಿಡದ, ಅಂದರೆ ಬೋರೆಯ, ಮುಳ್ಳು ಕಡಿದು ತಂದಳು. ಒಂದು ಕಡ್ಡಿಗೆ ಕೋಳಿಮೊಟ್ಟೆಯಂಥ ಬೂದಿಬಣ್ಣದ ಗಟ್ಟಿ ಗೂಡು ಜೋತಾಡುತ್ತಿತ್ತು.

"ನೋಡೋ ತಮ್ಮಾ, ನಿನ್ನ ಕವಡಿಗೆ ಜೋಡಿ ಸಿಕ್ಕೈತಿ," ಎಂದು ಕಡ್ಡಿಸಮೇತ ಮಾಡದಲ್ಲಿಟ್ಟಳು.

ಕೆಲವು ದಿನದ ಮೇಲೆ, ಸಂಜೆ ಮಗ್ರಿಬ್ ನಮಾಜಿನ ಹೊತ್ತಿಗೆ ಚಿಮಣಿ ಹಚ್ಚಲು ಹೋದವಳು "ಯಾ ಅಲ್ಲಾ!" ಎಂದು ಹಿಂದೆ ಸರಿದು ತಮ್ಮನನ್ನು ಕರೆದಳು. ಗೂಡಿನ ತುದಿ ಒದ್ದೆಯಾಗಿ, ಒಳಗಿನಿಂದ ಏನೋ ತಿಣುಕುತ್ತಾ ಹೊರಬರುತ್ತಿತ್ತು. ನೆಂದ ಹತ್ತಿಯಂಥ ಮೈ, ಮುದುಡಿದ ರೆಕ್ಕೆ. ಇಬ್ಬರೂ ನೋಡುತ್ತಿದ್ದಂತೆ ಆ ರೆಕ್ಕೆಗಳು ಮೆಲ್ಲಗೆ ಇಳಿದು, ಅಂಗೈಗಿಂತ ಅಗಲವಾಗಿ ಅರಳಿದವು. ಅರಿಶಿನದ ಬಣ್ಣ. ಒಂದೊಂದು ರೆಕ್ಕೆಯಲ್ಲೂ ಗಾಜಿನಂಥ ದುಂಡುಕಣ್ಣು. ದಾವಲ್‌ಬೀ ಚಿಮಣಿ ಹಿಂದೆ ಹಿಡಿದರೆ ಆ ಕಣ್ಣಿನೊಳಗಿಂದ ದೀಪದ ಕುಡಿ ಕಾಣಿಸಿತು.

"ಆಪಾ," ಎಂದ ರಾಜೇಸಾಬ್. ಅವಳಿಗೆ ಪತಂಗಕ್ಕಿಂತ ಆ ದನಿಯೇ ಮೈ ಜುಮ್ಮೆನಿಸಿತು. "ಮಾಬುಬೀನೂ ಹಿಂಗ ಕರದು ತೋರಿಸಿದ್ಲು. ಇಂಥದ್ದ ಕವಡಿ, ಜೀವಂತ ಇದ್ದದ್ದು. ನೀರಾಗ ಕಲ್ಲಿನ ಮ್ಯಾಲ ಹರದಾಡಾಕತ್ತಿತ್ತು. ಒಳಗಿನ ಮೆತ್ತನ ತೊಗಲು ಎರಡೂ ಕಡಿಯಿಂದ ಮ್ಯಾಲ ಬಂದು, ಶಾಲು ಹೊದ್ದಂಗ ಚಿಪ್ಪನ್ನ ಮುಚ್ಚಿತ್ತು. ಆಕಿ ಬೆರಳು ತಾಗಿಸಿದ್ಲು, ಸರ್ರಂತ ಒಳಗ ಹೋತು."

"ಆ ಮನಿ ಅದಕ್ಕ ಕಟ್ಟಿಕೊಟ್ಟವ್ರು ಯಾರೋ?"

"ತನ್ನ ಮೈಯಿಂದ ತಾನ ಕಟ್ಟಿಕೊಂಡೈತಿ. ಇದೂ ಹಂಗ, ತನ್ನ ಬಾಯಿ ಎಳಿಯಿಂದ ನೇದೈತಿ. ಅದು ಸಾಯೋತನಕ ಮನಿ ಹೊತ್ತು ತಿರಗತೈತಿ. ಇದು ಬಿಟ್ಟು ಬಂತು."

ಪತಂಗ ಮಾಡದ ಗೋಡೆಗೆ ಹತ್ತಿ ಕೂತ ಮೇಲೆ ದಾವಲ್‌ಬೀ ಒಂದು ಕೈಯಲ್ಲಿ ಕವಡಿ, ಇನ್ನೊಂದರಲ್ಲಿ ಗೂಡಿನ ಕಡ್ಡಿ ಹಿಡಿದು ನಿಂತಳು. ಒಂದು ಕಲ್ಲಿನಷ್ಟು ತಣ್ಣಗೆ ಭಾರ, ಇನ್ನೊಂದು ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಎರಡರೊಳಗೂ ಇದ್ದದ್ದು ಹಿಡಿಯಷ್ಟು ಮೆತ್ತನೆ ಜೀವ!

ರಾಜೇಸಾಬನ ಮಾತು ನಿಲ್ಲಲಿಲ್ಲ. ಹಡಗು, ಅಲೆ, ಮಾಬುಬೀಯ ಜ್ವರ, ಅವಳು ಕೊನೆಗೆ ಕೇಳಿದ ನೀರು, ಎಲ್ಲ ಹೇಳಿದ, ಹೇಳುತ್ತಾ ಅತ್ತ. ಅಷ್ಟರಲ್ಲಿ ಬಾಗಿಲಿನಿಂದ ಕೆಂಗಂದು ಬಣ್ಣದ ಇನ್ನೊಂದು ಪತಂಗ ಪಟಪಟಿಸುತ್ತಾ ಒಳಬಂದು ಅರಿಶಿನದ ಪತಂಗದ ಪಕ್ಕ ಕೂತಿತು.

"ಈ ಗಂಡಿಗೆ ಯಾರು ಹೇಳಿದ್ರು, ಹೆಣ್ಣು ಇಲ್ಲಿ ಐತಂತ?" ದಾವಲ್‌ಬೀ ಪಿಸುಗುಟ್ಟಿದಳು.

"ಸುಬಹಾನಲ್ಲಾ," ಎಂದು ದೇವರ ಮಹಿಮೆಗೆ ಬೆರಗಾದ ತಮ್ಮ.

ಎರಡೂ ಬೇಕೆಂದಾಗ ಹಾರಿಹೋಗಲೆಂದು ಅವಳು ಹೋಗಿ ಬಾಗಿಲಿನ ಇನ್ನೊಂದು ಕದವನ್ನೂ ತೆರೆದಿಟ್ಟಳು.