ಪಕ್ಕನೋಟದವಳ ಅರ್ಜಿ

ಹೊಳೆಯೊಂದು ಎರಡು ಸಲ ಸುತ್ತು ಹಾಕಿ ಮುಂದೆ ಹೋಗುವ ಒಂದು ಪಟ್ಟಣದಲ್ಲಿ ಎರಡು ಬಗೆಯ ಜನರಿದ್ದರು. ಮಾತನಾಡುವಾಗ ಎದುರಿನವರ ಕಣ್ಣನ್ನೇ ನೋಡುವವರು ಒಂದು ಬಗೆ. ಸಂಖ್ಯೆಯಲ್ಲಿ ಇವರೇ ಹೆಚ್ಚು. ಮಾತನಾಡುವಾಗ ಗೋಡೆಯನ್ನೋ ಕಿಟಕಿಯನ್ನೋ ನೋಡುವವರು ಇನ್ನೊಂದು ಬಗೆ. ಇವರನ್ನು ಊರಿನವರು ಪಕ್ಕನೋಟದವರು ಎಂದು ಕರೆಯುತ್ತಿದ್ದರು. ಮೊದಲನೆಯ ಬಗೆಯವರಿಗೆ ಯಾವ ಹೆಸರೂ ಇರಲಿಲ್ಲ. ಹೆಸರಿಡುವ ಕೆಲಸ ಅವರದೇ ಆಗಿದ್ದರಿಂದ, ತಮಗೂ ಒಂದು ಬೇಕಾದೀತೆಂದು ಅವರಿಗೆ ಹೊಳೆದಿರಲಿಲ್ಲ.

ಆ ರಾಜ್ಯದ ರಾಣಿ ಒಮ್ಮೆ ಹೊಸ ಸೇತುವೆಯನ್ನು ತೆರೆಯಲು ಬಂದಳು. ಕುಶಾಲುತೋಪು ಹಾರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಬುಟ್ಟಿ ಹೊತ್ತುಕೊಂಡು ನಿಂತಿದ್ದ ಒಬ್ಬ ಮಾತ್ರ ಬುಟ್ಟಿಯನ್ನು ಬಿಟ್ಟು, ಎರಡೂ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕುಕ್ಕರಿಸಿದ.

"ಆ ಮನುಷ್ಯನಿಗೆ ಏನಾಯಿತು?" ಎಂದು ರಾಣಿ ಕೇಳಿದಳು.

"ಅವನು ಪಕ್ಕನೋಟದವನು, ಮಹಾರಾಣಿ," ಎಂದ ಮಂತ್ರಿ.

"ಅವನು ಯಾರು ಎಂದು ನಾನು ಕೇಳಲಿಲ್ಲ. ಏನಾಯಿತು ಎಂದು ಕೇಳಿದೆ."

ಮಂತ್ರಿ ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡ. ಆಮೇಲೆ ತನ್ನ ಇಪ್ಪತ್ತು ವರ್ಷದ ಸೇವೆಯಲ್ಲಿ ಮೊದಲ ಸಲ "ಗೊತ್ತಿಲ್ಲ" ಎಂದ. ಹಾಗೆ ಅಂದದ್ದಕ್ಕೆ ತಲೆ ಹೋಗದೆ ಇದ್ದುದನ್ನು ಕಂಡು ಅವನಿಗೇ ಆಶ್ಚರ್ಯವಾಯಿತು.

"ಹಾಗಾದರೆ ತಿಳಿದುಕೊಳ್ಳೋಣ," ಎಂದಳು ರಾಣಿ.

ಮರುವಾರವೇ ಡಂಗುರ ಸಾರಿದರು. ಪಕ್ಕನೋಟದವರ ಮನಸ್ಸು ಮತ್ತು ಮನುಷ್ಯರ ಮೆದುಳು ಹೇಗೆ ನಡೆಯುತ್ತವೆ ಎಂದು ಅರಿಯುವವರಿಗೆ ಅರಮನೆಯಿಂದ ಒಂದು ನಿಧಿ. ಅರ್ಜಿಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿರಬೇಕು: ನಿಮಗೆ ತಿಳಿಯಬೇಕಾದದ್ದು ಏನು, ಅದರಿಂದ ಯಾರಿಗೆ ಒಳ್ಳೆಯದು, ನಿಮ್ಮ ಜೊತೆ ಯಾರು ಕೆಲಸ ಮಾಡುತ್ತಾರೆ. ರಾಜ್ಯದ ಯಾರು ಬೇಕಾದರೂ ಅರ್ಜಿ ಹಾಕಬಹುದು.

ಪಟ್ಟಣಕ್ಕೆ ಹಬ್ಬವೇ ಬಂದಂತಾಯಿತು. ನಿನ್ನೆಯವರೆಗೆ ಮೆದುಳಿನ ಮಾತೆತ್ತದವರು ಇಂದು ಬೇರೆ ಮಾತೇ ಆಡಲಿಲ್ಲ. ಮಿಠಾಯಿ ಅಂಗಡಿಯವನು ಒಂದೆಲಗ ಬೆರೆಸಿದ ಲಾಡು ಕಟ್ಟಿ, ಅದನ್ನು ತಿಂದವರು ಏನಾಗುತ್ತಾರೆ ಎಂದು ನೋಡಲು ನಿಧಿ ಕೇಳಿದ. ಒಬ್ಬ ಜೋಯಿಸರು ಮೆದುಳಿಗೂ ಶನಿಗೂ ಇರುವ ದೂರವನ್ನು ಅಳೆಯುತ್ತೇನೆ ಎಂದರು. ಬಡಗಿಯೊಬ್ಬ ಹಲಸಿನ ಮರದಲ್ಲಿ ಆಳೆತ್ತರದ ಮೆದುಳು ಕೆತ್ತಲು ಸಿದ್ಧನಾದ. ಅದರಿಂದ ಯಾರಿಗೆ ಒಳ್ಳೆಯದು ಎಂಬಲ್ಲಿ ಪ್ರಾಮಾಣಿಕವಾಗಿ "ನನಗೆ" ಎಂದು ಬರೆದ.

ಆದರೆ ನಿಧಿ ಯಾರ ಪಾಲಾಗುತ್ತದೆ ಎಂಬುದರಲ್ಲಿ ಊರಿಗೆ ಅನುಮಾನವಿರಲಿಲ್ಲ. ಅದು ವಾಗ್ಭೂಷಣ ಪಂಡಿತರದು. ಪಂಡಿತರು ಕೆಟ್ಟವರಲ್ಲ. ಧಾರಾಳ ಮನಸ್ಸು, ಅದಕ್ಕಿಂತ ಧಾರಾಳವಾದ ಮಾತು. ಊರ ಹೊರಗೆ 'ದೃಷ್ಟಿಶುದ್ಧಿ ಭವನ' ಎಂಬ ಕಟ್ಟಡ ಕಟ್ಟಿ, ನಲವತ್ತು ಮಂದಿ ಪಕ್ಕನೋಟದವರನ್ನು ಮೂರು ವರ್ಷ ಅಲ್ಲಿಟ್ಟುಕೊಂಡು, ದಿನಾ ಒಂದು ಚುಕ್ಕೆಯನ್ನು ದಿಟ್ಟಿಸುವ ಅಭ್ಯಾಸ ಮಾಡಿಸಿ ಅವರ ನೋಟವನ್ನು ನೇರ ಮಾಡುವುದು ಅವರ ಯೋಜನೆ. ನಲವತ್ತು ಹೆಸರುಗಳ ಪಟ್ಟಿಯೂ ತಯಾರಾಗಿತ್ತು. ಒಂಬತ್ತನೆಯ ಹೆಸರು ಇರುವಂತಿಯದು.

ಇರುವಂತಿಗೆ ಮೂವತ್ತೆರಡು ವರ್ಷ. ಅವಳ ಅಣ್ಣ ಕೆಂಚಣ್ಣ ನೂಲಿಗೆ ಬಣ್ಣ ಹಾಕುವವನು. ನೀಲಿ ತೊಟ್ಟಿಯ ಕೆಲಸ ಅವಳದು. ಅವಳಿಗೆ ಮಾತು ಕಡಿಮೆ. ಸಂತೆಯ ಗದ್ದಲದಲ್ಲಿ ಆ ಕಡಿಮೆ ಮಾತೂ ನಿಂತುಹೋಗುತ್ತಿತ್ತು. ಓದು ಬರಹ ಚೆನ್ನಾಗಿ ಗೊತ್ತಿತ್ತು. ಜನರ ನಡುವೆ ತನಗೊಬ್ಬಳಿಗೆ ಅರ್ಥವಾಗದ ಏನೋ ನಡೆಯುತ್ತಿರುತ್ತದೆ, ಉಳಿದವರಿಗೆಲ್ಲ ಅದು ಹುಟ್ಟುತ್ತಲೇ ಗೊತ್ತಿರುತ್ತದೆ ಎಂದು ಅವಳು ಚಿಕ್ಕಂದಿನಿಂದ ನಂಬಿದ್ದಳು.

ಪಂಡಿತರು ಒಪ್ಪಿಗೆ ಪತ್ರ ಹಿಡಿದು ಬಣ್ಣದ ಮನೆಗೆ ಬಂದರು. ಇರುವಂತಿ ಅವರ ಎದುರಿಗೇ ನೂಲಿನ ಲಡಿ ಹಿಂಡುತ್ತಾ ನಿಂತಿದ್ದಳು. ಪಂಡಿತರು ಕೆಂಚಣ್ಣನನ್ನು ಕೇಳಿದರು: "ಇವಳಿಗೆ ನಿದ್ದೆ ಚೆನ್ನಾಗಿ ಬರುತ್ತದೆಯೇ?"

"ನನ್ನನ್ನು ಕೇಳಿ," ಎಂದಳು ಇರುವಂತಿ, ತೊಟ್ಟಿಯನ್ನು ನೋಡುತ್ತಾ.

"ಏನಂತಾಳೆ?" ಎಂದು ಪಂಡಿತರು ಕೆಂಚಣ್ಣನ ಕಡೆ ಬಾಗಿದರು.

"ನನ್ನನ್ನು ಕೇಳಿ ಅಂತಾಳೆ, ಸ್ವಾಮಿ."

"ಒಳ್ಳೆಯದು, ಒಳ್ಳೆಯದು. ಅವಳನ್ನು ಏನು ಕೇಳಿದರೆ ಸರಿ ಅಂತ ನೀನೇ ಹೇಳಪ್ಪ."

ಉತ್ತರಕ್ಕೂ ಕಾಯದೆ ಪಂಡಿತರು ಭವನದ ಗಾಳಿ ಬೆಳಕು, ಅಲ್ಲಿನ ಊಟ, ಮುಂದೆ ತಂಗಿಗೆ ಸಿಗುವ ಮರ್ಯಾದೆ ಎಲ್ಲವನ್ನೂ ಬಣ್ಣಿಸಿದರು. ಮನೆಯ ಯಜಮಾನ ಹೆಬ್ಬೆಟ್ಟು ಒತ್ತಿದರೆ ಸಾಕಿತ್ತು. ತಾನಿಲ್ಲದ ಕಾಲಕ್ಕೆ ಇವಳ ಗತಿ ಏನು ಎಂಬ ಚಿಂತೆ ಕೆಂಚಣ್ಣನನ್ನು ಹತ್ತು ವರ್ಷದಿಂದ ತಿನ್ನುತ್ತಿತ್ತು. ಅವನ ಹೆಬ್ಬೆರಳು ಮಸಿಗೆ ತಾಗಿ ಕಾಗದದ ಮೇಲಕ್ಕೆ ಬಂತು.

"ಅಣ್ಣಾ, ಬೇಡ," ಎಂದಳು ಇರುವಂತಿ.

ಅವಳು ಬೇಡ ಎಂದರೆ ಅದು ಬೇಡವೇ ಎಂದು ಕೆಂಚಣ್ಣನಿಗೆ ಗೊತ್ತಿತ್ತು. ಅವನು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡ.

ಪಂಡಿತರು ಬೇಸರಿಸಲಿಲ್ಲ. "ಯೋಚಿಸಿ. ಶುಕ್ರವಾರ ಮತ್ತೆ ಬರುತ್ತೇನೆ. ನೀವೂ ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬನ್ನಿ," ಎಂದು ನಗುತ್ತಾ ಹೊರಟರು.

ಶುಕ್ರವಾರ ಇರುವಂತಿ ತೊಟ್ಟಿಗೆ ಕೈ ಹಾಕಲಿಲ್ಲ. ನಿದ್ದೆಯ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡು ಬಾಗಿಲ ಬಳಿ ಕುಳಿತಳು. ಸಂಜೆಯಾದರೂ ಪಂಡಿತರು ಬರಲಿಲ್ಲ. ಶನಿವಾರ ಮಧ್ಯಾಹ್ನ ಕೈಕಾಲು ತೊಳೆದುಕೊಂಡು, ಒಗೆದ ಸೀರೆ ಉಟ್ಟು, ಅವಳು ಪಂಡಿತರ ಮನೆಗೆ ಊಟಕ್ಕೆ ಹೋದಳು.

ಬಾಗಿಲು ತೆರೆದದ್ದು ಪಂಡಿತರ ಹೆಂಡತಿ ಸುಭದ್ರಮ್ಮ. ಪಂಡಿತರು ಊಟ ಮುಗಿಸಿ ಮಲಗಿದ್ದರು. ಬಂದವಳು ಯಾರು, ಯಾಕೆ ಬಂದಳು ಎಂದು ತಿಳಿದಾಗ ಸುಭದ್ರಮ್ಮನಿಗೆ ಮೊದಲು ಗಾಬರಿಯಾಯಿತು, ಆಮೇಲೆ ನಗು ಬಂತು. ಎಲೆ ಹಾಕಿ, ಉಳಿದಿದ್ದ ಹುರುಳಿ ಸಾರು ಬಡಿಸಿದಳು.

"ಅವರು ಬಾಯಿಮಾತಿಗೆ ಕರೆದದ್ದು ಕಣಮ್ಮಾ," ಎಂದಳು.

"ಬಾಯಿಮಾತು ಅಂದರೆ?"

"ಅಂದರೆ... ಬನ್ನಿ ಅಂತೀವಿ. ಬರಲೇಬೇಕು ಅಂತಲ್ಲ."

"ಬರಬೇಡಿ ಅಂತಲಾ?"

"ಅಯ್ಯೋ, ಹಾಗೂ ಅಲ್ಲ!"

"ಹಾಗಾದರೆ ಏನು ಅಂತ?"

ಸುಭದ್ರಮ್ಮ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದಳು. ಮೂವತ್ತು ವರ್ಷ ನೂರಾರು ಜನರನ್ನು ಹಾಗೆ ಕರೆದಿದ್ದಳು. "ನಂಗೂ ಗೊತ್ತಿಲ್ಲ ನೋಡು!" ಎಂದು ಕೊನೆಗೆ ಅಂದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತಾನೂ ಕುಳಿತು ಇನ್ನೊಂದು ಸಲ ಮಜ್ಜಿಗೆ ಅನ್ನ ಉಂಡಳು.

ಮನೆಗೆ ನಡೆಯುವಾಗ ಇರುವಂತಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉಳಿದವರಿಗೂ ಗೊತ್ತಿಲ್ಲ! ಹುಟ್ಟುತ್ತಲೇ ಗೊತ್ತಿರುತ್ತದೆ ಎಂದು ಅವಳು ನಂಬಿದ್ದವರಿಗೆ ತಮ್ಮದೇ ಮಾತು ಗೊತ್ತಿಲ್ಲ. ಅಷ್ಟೇ ಅಲ್ಲ, ಕೇಳಿದರೆ ಅವರು ಯೋಚಿಸುತ್ತಾರೆ, ನಗುತ್ತಾರೆ, ಮಜ್ಜಿಗೆ ಬಡಿಸುತ್ತಾರೆ. ಅವಳು ಕಾಗದ ತೆಗೆದುಕೊಂಡು ಕುಳಿತಳು.

ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಅವಳನ್ನು ಕಂಡು ತಲೆ ಅಲ್ಲಾಡಿಸಿದ. "ಇದು ನಿಮ್ಮ ಬಗ್ಗೆ ಹಾಕುವ ಅರ್ಜಿ ಕಣಮ್ಮ. ನೀವು ಹಾಕುವುದಲ್ಲ."

"ಯಾರು ಬೇಕಾದರೂ ಹಾಕಬಹುದು ಎಂದು ಸಾರಿದರು. ಅದೂ ಬಾಯಿಮಾತೇ?"

ಅರಮನೆಯ ಡಂಗುರವನ್ನು ಬಾಯಿಮಾತು ಎನ್ನುವ ಧೈರ್ಯ ಗುಮಾಸ್ತನಿಗೆ ಇರಲಿಲ್ಲ. ಅವನು ಮುದ್ರೆ ಒತ್ತಿದ.

ಸಭೆಯ ದಿನ ಪಂಡಿತರ ಅರ್ಜಿ ಓದಿ ಮುಗಿಯುವಷ್ಟರಲ್ಲಿ ಅರ್ಧ ದಿನ ಕಳೆಯಿತು. ಮೂರನೆಯ ಪ್ರಶ್ನೆಗೆ ಅವರು ಹನ್ನೆರಡು ಪಂಡಿತರ ಹೆಸರು ಕೊಟ್ಟಿದ್ದರು. ಆಮೇಲೆ ತಿರುಮಲಮ್ಮ ಎಂಬ ಮುದಿ ವೈದ್ಯೆ ಎದ್ದು ನಿಂತಳು. "ಒಬ್ಬರ ಮೆದುಳಿಗೆ ನಿದ್ದೆ ಬೇಗ ಬರುತ್ತದೆ, ಇನ್ನೊಬ್ಬರ ಮೆದುಳಿಗೆ ಬರುವುದಿಲ್ಲ. ಪಕ್ಕನೋಟದವರಲ್ಲಿ ತುಂಬ ಜನಕ್ಕೆ ಬರುವುದಿಲ್ಲ. ಯಾಕೆ ಎಂದು ನಲವತ್ತು ವರ್ಷದಿಂದ ಹುಡುಕುತ್ತಿದ್ದೇನೆ. ತಾಯಂದಿರು ಹೇಳಿದ್ದೆಲ್ಲ ಬರೆದಿಟ್ಟಿದ್ದೇನೆ. ನಿದ್ದೆ ಬಾರದವರೇ ಹೇಳಿದ್ದು ನನ್ನ ಹತ್ತಿರ ಒಂದು ಸಾಲೂ ಇಲ್ಲ. ಜೊತೆಗೆ ಯಾರೂ ಇಲ್ಲ," ಎಂದು ಹೇಳಿ ಕುಳಿತಳು.

ಕೊನೆಯ ಅರ್ಜಿ ಇರುವಂತಿಯದು. ಅರ್ಧ ಪುಟ. ಸಭೆಯ ಗದ್ದಲದಲ್ಲಿ ಅವಳ ಮಾತು ನಿಂತುಹೋಗಿತ್ತು, ಗುಮಾಸ್ತ ಓದಿದ.

"ನನಗೆ ತಿಳಿಯಬೇಕಾದದ್ದು: ನೇರನೋಟದವರು ಬರುತ್ತೇನೆ ಎಂದು ಯಾಕೆ ಬರುವುದಿಲ್ಲ, ಬನ್ನಿ ಎಂದು ಕರೆದು ಬಂದರೆ ಯಾಕೆ ಬೆಚ್ಚುತ್ತಾರೆ, ಎದುರಿಗೆ ನಿಂತವರ ವಿಷಯವನ್ನು ಪಕ್ಕದವರಲ್ಲಿ ಯಾಕೆ ಕೇಳುತ್ತಾರೆ. ಯಾರಿಗೆ ಒಳ್ಳೆಯದು: ಅವರಿಗೆ. ಅವರಿಗೂ ಇದು ಗೊತ್ತಿಲ್ಲವಂತೆ. ಜೊತೆಗೆ ಕೆಲಸ ಮಾಡುವವರು: ಏಳು ಜನ ಪಕ್ಕನೋಟದವರು. ಅವರನ್ನೇ ಕೇಳಿ ಬರೆದಿದ್ದೇನೆ. ಯಾರನ್ನೂ ಮನೆ ಬಿಡಿಸುವುದಿಲ್ಲ. ಕಣ್ಣು ನೋಡಿ ಮಾತನಾಡುವುದು ಅವರಿಗೆ ಇಷ್ಟವೆಂದು ತೋರುತ್ತದೆ; ಆ ಅಭ್ಯಾಸ ಬಿಡಿಸುವ ಉದ್ದೇಶವಿಲ್ಲ. ಸೇತುವೆಯ ಹತ್ತಿರ ಕಿವಿ ಮುಚ್ಚಿಕೊಂಡವನಿಗೆ ಏನಾಯಿತೆಂದು ಮಹಾರಾಣಿಯವರು ಕೇಳಿದ್ದರಂತೆ. ಅವನು ನಮ್ಮ ಏಳು ಜನರಲ್ಲಿ ಒಬ್ಬ. ಕೇಳಿದೆ. ಶಬ್ದ ಚುಚ್ಚುತ್ತದೆ ಅಂದ. ಅದಕ್ಕೆ ನಿಧಿ ಬೇಕಾಗಲಿಲ್ಲ."

ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹೆಂಗಸರ ಸಾಲಿನಲ್ಲಿದ್ದ ಸುಭದ್ರಮ್ಮ. ರಾಣಿ ನಗು ಮುಗಿಯುವವರೆಗೆ ಕಾದು ಪಂಡಿತರನ್ನು ಕೇಳಿದಳು: "ನಿಮ್ಮ ನಲವತ್ತು ಜನ ಒಪ್ಪಿದ್ದಾರೆಯೇ?"

"ಒಂದು ಮನೆ ಬಿಟ್ಟು ಎಲ್ಲರ ಮನೆಯವರೂ ಒಪ್ಪಿದ್ದಾರೆ, ಮಹಾರಾಣಿ."

"ಅವರು?"

ಪಂಡಿತರು ನಲವತ್ತು ಹೆಸರುಗಳ ಪಟ್ಟಿಯನ್ನು ಮೆಲ್ಲಗೆ ಮಡಚಿಕೊಂಡರು. ಭವನದ ಯೋಜನೆ ಅಲ್ಲಿಗೇ ನಿಂತಿತು. ನಿಧಿಯಲ್ಲಿ ಅರ್ಧ ತಿರುಮಲಮ್ಮನಿಗೆ, ಅರ್ಧ ಇರುವಂತಿಗೆ. ಇಬ್ಬರೂ ಒಬ್ಬರಿಗೊಬ್ಬರು ಜೊತೆಯಾಗಿರಬೇಕು ಎಂದು ತೀರ್ಮಾನವಾಯಿತು. ಪಂಡಿತರ ಮುಖ ಸಣ್ಣದಾದದ್ದನ್ನು ಕಂಡು, ಅವರನ್ನು ಸಮಾಧಾನ ಮಾಡಲು ರಾಣಿ ಹೇಳಿದಳು: "ಇರುವಂತಿಯ ಅಧ್ಯಯನಕ್ಕೆ ಮೊದಲ ಮನುಷ್ಯ ನೀವೇ ಆಗಬಹುದಲ್ಲ?"

"ಅದಕ್ಕೇನಂತೆ, ಮಹಾಭಾಗ್ಯ! ಯಾವಾಗ ಬೇಕಾದರೂ ಬರಲಿ!" ಎಂದರು ಪಂಡಿತರು, ಅಭ್ಯಾಸಬಲದಿಂದ.

ಇರುವಂತಿ ಅವರದೇ ಒಪ್ಪಿಗೆಯ ಹೆಬ್ಬೆಟ್ಟಿಗಾಗಿ ಗುಮಾಸ್ತನ ಮಸಿಡಬ್ಬಿ ಎತ್ತಿಕೊಂಡು ಬಂದು ಅವರ ಮುಂದೆ ಹಿಡಿದಳು. ಮಾತು ಹಿಂದಿರುಗಿತ್ತು. "ಮಂಗಳವಾರ ಬೆಳಿಗ್ಗೆ ಬರುತ್ತೇನೆ," ಎಂದಳು. ಮಂಗಳವಾರ ಬೆಳಿಗ್ಗೆ ಹೋದಳು.

ಮೊದಲ ದಿನ ಪಂಡಿತರು ಮಧ್ಯಾಹ್ನದವರೆಗೆ ಮಾತಾಡಿದರು. ಎರಡನೆಯ ದಿನ ಅಷ್ಟು ಹೊತ್ತು ಆಗಲಿಲ್ಲ. ಮೂರನೆಯ ದಿನ ಅವರ ಮಾತು ಮುಗಿದುಹೋಯಿತು. ಇರುವಂತಿ ಎದ್ದು ಹೋಗಲಿಲ್ಲ. ಕಿಟಕಿಯನ್ನು ನೋಡುತ್ತಾ, ಲೇಖನಿ ಹಿಡಿದುಕೊಂಡು ಕಾದಳು. ಬಹಳ ಹೊತ್ತಿನ ಮೇಲೆ ಪಂಡಿತರು ಮೆಲ್ಲಗೆ ಹೇಳಿದರು: "ನಾನು ಮಾತು ನಿಲ್ಲಿಸಿದರೆ ಜನ ಎದ್ದು ಹೋಗುತ್ತಾರೆ ಅಂತ ನನಗೆ ಚಿಕ್ಕಂದಿನಿಂದ ಭಯ." ಅವಳು ಅದನ್ನು ಬರೆದುಕೊಂಡು, "ಇನ್ನೂ ಇದೆಯೇ?" ಎಂದಳು. ಇತ್ತು. ಅಂದು ಪಂಡಿತರು ಅವಳನ್ನು ಊಟಕ್ಕೆ ಕರೆದರು. ಒಳಗೆ ಆಗಲೇ ಎಲೆ ಹಾಕಿತ್ತು.

ಸುದ್ದಿ ಹರಡಿತು. ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಕಾಯುವವರು ಊರಿನಲ್ಲಿ ಎಂಟು ಜನ ಇದ್ದಾರಂತೆ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳುತ್ತಾರಂತೆ ಎಂದು ತಿಳಿದಾಗ, ಬಣ್ಣದ ಮನೆಯ ಮುಂದೆ ನೇರನೋಟದವರ ಸಾಲು ಬೆಳೆಯಿತು. ಅತ್ತೆಯರು ಬಂದರು, ಸೊಸೆಯರು ಬಂದರು, ಅದೇ ಗುಮಾಸ್ತನೂ ಬಂದ. ಪಕ್ಕದ ಕೋಣೆಯಲ್ಲಿ ತಿರುಮಲಮ್ಮ ನಿದ್ದೆ ಬಾರದವರ ಮಾತನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಾ, ನಲವತ್ತು ವರ್ಷದಲ್ಲಿ ಆಗದಷ್ಟು ಕೆಲಸ ನಾಲ್ಕು ತಿಂಗಳಲ್ಲಿ ಆಯಿತೆಂದು ಎಲ್ಲರಿಗೂ ಸಾರುತ್ತಿದ್ದಳು. ಹಬ್ಬಗಳಲ್ಲಿ ತೋಪಿನ ಬದಲು ಬಣ್ಣದ ಬಾವುಟ ಹಾರಿಸುವ ರೂಢಿ ಬಂತು. ಕೆಂಚಣ್ಣನಿಗೆ ಕೈತುಂಬ ಕೆಲಸ. ತಂಗಿಯ ಮುಂದಿನ ಗತಿಯನ್ನು ಚಿಂತಿಸಲು ಅವನಿಗೆ ಪುರುಸೊತ್ತು ಸಿಗಲಿಲ್ಲ. ಸಿಕ್ಕಾಗಲೂ ಚಿಂತೆ ಬರಲಿಲ್ಲ.

ಒಂದು ದಿನ ರಾಣಿಯೇ ಬಂದಳು. ಪಲ್ಲಕ್ಕಿ ಇಲ್ಲ, ಜೊತೆಗೆ ಮಂತ್ರಿ ಒಬ್ಬನೇ.

"ನನ್ನನ್ನೂ ಕೇಳಬೇಕು," ಎಂದಳು.

ಇರುವಂತಿ ಪಟ್ಟಿ ತೆಗೆದು ನೋಡಿದಳು. "ಈ ತಿಂಗಳು ಆಗುವುದಿಲ್ಲ."

"ಮಹಾರಾಣಿಯವರಿಗೇ ಆಗುವುದಿಲ್ಲ ಎನ್ನುವುದೇ!" ಎಂದು ಮಂತ್ರಿ ಮುಂದೆ ಬಂದ. ರಾಣಿ ಕೈ ಎತ್ತಿ ಅವನನ್ನು ತಡೆದಳು. ಅವಳು ಹುಟ್ಟಿದಾಗಿನಿಂದ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ.

"ಯಾವಾಗ ಆಗುತ್ತದೆ?"

"ಮುಂದಿನ ತಿಂಗಳು ಎರಡನೆಯ ಬುಧವಾರ. ಬೆಳಿಗ್ಗೆ."

"ಖಂಡಿತವಾಗಿ?"

ಇರುವಂತಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಸ್ವಲ್ಪ ಜೋರಾಗಿ, "ಬುಧವಾರ," ಎಂದಳು.

ರಾಣಿ ಹಾಡು ಗುನುಗುತ್ತಾ ಅರಮನೆಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ಥಟ್ಟನೆ ನಿಂತಳು.

"ಮಂತ್ರಿಗಳೇ, ಅವಳು ಕೇಳಿದರೆ ನಾನು ಏನು ಹೇಳಲಿ?"

"ತಮಗೆ ಅನ್ನಿಸಿದ್ದನ್ನು ಹೇಳಿದರಾಯಿತು, ಮಹಾರಾಣಿ."

"ಅದೇ ತೊಂದರೆ," ಎಂದಳು ರಾಣಿ. "ಏನು ಅನ್ನಿಸುತ್ತದೆ ಎಂದು ಅಷ್ಟರೊಳಗೆ ಹುಡುಕಬೇಕು."