ಎರಡು ಬೆರಳಿನ ಗೆರೆ

2009ರ ಅಕ್ಟೋಬರ್ 14, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಅಲ್ಲಿಯವರೆಗೆ ನಾನು ನಿಂತ ಲಾರ್ಚ್ ಮರ. ಆಮೇಲೆ ಬಿದ್ದ ದಿಮ್ಮಿ. ನನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತೇನೆ. ಕೆನಡಾದ ನೋವಾ ಸ್ಕೋಷಿಯಾದ ಒಂದು ಕಡಲಂಚಿನ ಊರಿನಲ್ಲಿ ಮರದ ಗಿರಣಿ ನಡೆಸುತ್ತಿದ್ದ ಟಾರ್ಕಿಲ್ ನನ್ನ ತೊಗಟೆ ಸುಲಿದು, ಒಂದು ತುದಿ ದಪ್ಪ, ಇನ್ನೊಂದು ಸಪೂರ ಇರುವಂತೆ ಹೆರೆದ. ಮಗಳು ಊನಾ ಟೇಪು ಹಿಡಿದಳು. ಐದು ಮೀಟರ್ ತೊಂಬತ್ತೇಳು ಸೆಂಟಿಮೀಟರ್.

ನಾನು ಒಂದು ಕೇಬರ್, ಎಸೆಯುವ ಕಂಬ. ಸ್ಕಾಟ್ಲೆಂಡಿನಿಂದ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಆ ಊರಿನಲ್ಲಿ ಪ್ರತಿ ಆಗಸ್ಟಿನಲ್ಲಿ ತಮ್ಮ ಪೂರ್ವಜರ ಕೆಲ್ಟಿಕ್ ಹಬ್ಬ ಮಾಡುತ್ತಾರೆ. ಹಬ್ಬದ ಯಜಮಾನ ಹೆಕ್ಟರ್ ಕತ್ತಿಯನ್ನು ಅರ್ಧ ಹಿರಿದು ಒಂದೊಂದೇ ಮನೆತನದ ಹೆಸರು ಕೂಗುತ್ತಾನೆ. "ಇದ್ದೇವೆ" ಎಂದು ಆಯಾ ಮನೆಯವರು ಓಗೊಡುತ್ತಾರೆ. ಎರಡು ಹಿಡಿಯ ವಿಸ್ಕಿ ಬಟ್ಟಲೊಂದು ಕೈಯಿಂದ ಕೈಗೆ ಸಾಗಿ ಕೊನೆಗೆ ನನ್ನ ಬಳಿ ಬರುತ್ತದೆ. ಉಳಿದ ಹನಿಗಳನ್ನು ನನ್ನ ಮೇಲೆ ಸುರಿಯುತ್ತಾರೆ. ಆಮೇಲೆ ಎಸೆತ. ಸಪೂರ ತುದಿಯನ್ನು ಅಂಗೈಗಳಲ್ಲಿ ಹೊತ್ತು ಓಡಿ ಎತ್ತಿ ಎಸೆಯಬೇಕು. ದಪ್ಪ ತುದಿ ನೆಲ ಕಚ್ಚಿ, ನಾನು ಅದರ ಮೇಲೆ ಪೂರ್ತಿ ಮಗುಚಿ ಆಚೆಗೆ ಬೀಳಬೇಕು. ಯಾರೂ ಮಗುಚದಿದ್ದರೆ ನನ್ನನ್ನು ತುಸು ಕತ್ತರಿಸಿ ಮತ್ತೊಂದು ಸುತ್ತು ಆಡುತ್ತಾರೆ. ಒಮ್ಮೆ ಮಗುಚಿದ ಕೇಬರಿಗೆ ಮತ್ತೆಂದೂ ಗರಗಸ ತಾಗಿಸುವುದಿಲ್ಲ.

ಎಲ್ಲಿ ಕತ್ತರಿಸಬೇಕೆಂದು ಗೆರೆ ಎಳೆಯುವ ಹಕ್ಕು ಕೇಬರ್ ಮಾಡಿದವನದು. ಏಳು ವರ್ಷ ಟಾರ್ಕಿಲ್ ಎಳೆದದ್ದು ಎರಡೇ ಬೆರಳಿನ ಗೆರೆ, ಪ್ರತಿ ಸಲ ನಾಲ್ಕು ಸೆಂಟಿಮೀಟರ್. ನಾನು ಒಣಗಿ ಹಗುರಾಗಬಾರದೆಂದು ಚಳಿಗಾಲವಿಡೀ ಗಿರಣಿಯ ಕೊಳದಲ್ಲಿ ಮುಳುಗಿಸಿಡುತ್ತಿದ್ದ. ಯಾರಿಂದಲೂ ಮಗುಚಲಾಗದ ಕಂಬ ತನ್ನದೆಂಬುದು ಅವನ ಹೆಮ್ಮೆ. ನನಗೂ ಆ ಹೆಮ್ಮೆ ಇತ್ತು. ಮೊದಲ ನಾಲ್ಕು ವರ್ಷ ತನ್ನ ಮನೆತನದ ಪರವಾಗಿ ಅವನೇ ಎತ್ತಿದ. ಭುಜದ ಸ್ನಾಯು ಹರಿಯಿತು. ಮುಂದಿನ ಮೂರು ವರ್ಷ ಊನಾ ಎತ್ತಿದಳು.

ಎಂಟನೆಯ ಹಬ್ಬಕ್ಕೆ ಟಾರ್ಕಿಲ್ ಮಗಳ ತೋಳು ಹಿಡಿದು ಬಂದ. ಕಣ್ಣಿನ ನರ ಸಾಯುತ್ತಿತ್ತು. ಮುಂದಿನ ಬೇಸಿಗೆಗೆ ಏನೂ ಕಾಣದೆಂದು ವೈದ್ಯರು ಹೇಳಿದ್ದರು. ನಾನು ಮಗುಚುವುದನ್ನು ಒಮ್ಮೆ ನೋಡಬೇಕೆಂಬುದೊಂದೇ ಅವನ ಆಸೆ. ನನಗೂ ಗಡುವಿತ್ತು: ಈ ಸಲ ಮಗುಚದಿದ್ದರೆ ಹಬ್ಬದ ಕೊನೆಗೆ ಹಚ್ಚುವ ಬೆಂಕಿಗೆ ಹಾಕುವುದೆಂದು ಸಮಿತಿ ತೀರ್ಮಾನಿಸಿತ್ತು.

ಏಳು ಜನ ಮೂರು ಮೂರು ಸಲ ಎಸೆದರು. ಇಪ್ಪತ್ತೊಂದು ಸಲವೂ ನಾನು ನೆಟ್ಟಗೆ ನಿಂತಂತಾಗಿ ಹಿಂದಕ್ಕೇ ಬಿದ್ದೆ. ಊನಾಳ ಕೊರಳೆಲುಬಿನ ಮೇಲೆ ಚರ್ಮ ಕಿತ್ತು ಬಂದಿತ್ತು.

ಹೆಕ್ಟರ್ ಗರಗಸ ತಂದ. "ಏನ್ ಟಾರ್ಕಿಲ್, ಈ ಸಲಾನೂ ಎರಡೇ ಬೆರಳಾ? ಉಗುರು ಕತ್ತರಿಸಿದ ಹಾಗೆ?"

ಟಾರ್ಕಿಲ್ ಮೊಣಕಾಲೂರಿ ನನ್ನ ದಪ್ಪ ತುದಿಯನ್ನು ತಡವಿದ. ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಸೀಸದಕಡ್ಡಿ ಇಟ್ಟ.

"ಅಪ್ಪಾ, ಅಷ್ಟೊಂದು ಬೇಡ," ಎಂದಳು ಊನಾ. "ನಾಳೆ ಜನ ಆಡ್ಕೋತಾರೆ, ಮಗಳಿಗೋಸ್ಕರ ಮೊಟಕು ಮಾಡ್ದ ಅಂತ."

"ಆಡ್ಕೊಳ್ಳಲಿ. ಇದನ್ನ ನಾನು ಮೊದಲನೇ ವರ್ಷಾನೇ ಎಳೀಬೇಕಿತ್ತು. ಗೊತ್ತಿತ್ತು ನನಗೆ. ಕುಯ್ಯಿ."

ಗೊತ್ತಿತ್ತು, ನಿಜ. ಕಂಬ ಗಿಡ್ಡವಾದಷ್ಟೂ ಅದರ ತೂಕಕ್ಕಿಂತ ಬಹಳ ಬೇಗ ಇಳಿಯುವುದು ಅದನ್ನು ಮಗುಚುವ ಕಷ್ಟ. ಜೀವನವಿಡೀ ದಿಮ್ಮಿ ಹೊರಳಿಸಿದವನಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಹೆಕ್ಟರ್‌ನ ಗರಗಸದ ಹಲ್ಲು ನನ್ನೊಳಗೆ ಇಳಿಯಿತು. ಇಷ್ಟು ಆಳದ ನೋವು ನನಗೆ ಕಡಿದ ದಿನವೂ ಆಗಿರಲಿಲ್ಲ.

ಆ ಸುತ್ತಿನಲ್ಲಿ ಮೊದಲ ಸರದಿ ಊನಾಳದು. ಓಡಿದಳು, ನಿಂತಳು, ಎಸೆದಳು. ನನಗೆ ಆಕಾಶ ಕೆಳಗೆ ಬಂತು, ಹುಲ್ಲು ಮೇಲೆ ಹೋಯಿತು. ಒಂದು ಕ್ಷಣ ತುದಿಯ ಮೇಲೆ ನಿಂತು ಯಾವ ಕಡೆಗೆಂದು ತಿಳಿಯದೆ ತೂಗಾಡಿದೆ. ಬಿದ್ದೆ.

ಜನ ಕೂಗಿದರು. ಕೂಗು ಪ್ರತಿ ಸಲವೂ ಇರುತ್ತದೆ. ಟಾರ್ಕಿಲ್ ಸೂರ್ಯನತ್ತ ಮುಖ ಮಾಡಿ ಕಣ್ಣು ಕಿರಿದುಗೊಳಿಸಿದ್ದ. "ಯಾವ ಕಡೆ ಬಿತ್ತು? ಬೆಳಕಲ್ಲಿ ಕಳೆದುಹೋಯ್ತು. ಊನಾ, ನಂಗೆ ಕಾಣ್ಲಿಲ್ಲ."

ಅವಳು ತಾನು ಎಸೆದ ಜಾಗಕ್ಕೆ ಅಪ್ಪನನ್ನು ಕರೆತಂದು ಕೂರಿಸಿ, ಹತ್ತಿರವಿದ್ದ ನನ್ನ ತುದಿಯ ಮೇಲೆ ಅವನ ಅಂಗೈ ಇಟ್ಟಳು. ಏಳು ವರ್ಷ ನಾನು ಹಿಂದಕ್ಕೆ ಬಿದ್ದಾಗಲೆಲ್ಲ ಎಸೆದವರ ಕಡೆ ಇದ್ದದ್ದು ಸಪೂರ ತುದಿ. ಈಗ ಅವನ ಬೆರಳಿಗೆ ಸಿಕ್ಕಿದ್ದು ಆಗ ತಾನೇ ಕುಯ್ದ ಒದ್ದೆ ಮರ, ಅಂಟುವ ಪುಡಿ.

"ದಪ್ಪ ತುದಿ," ಎಂದ. ಮತ್ತೊಮ್ಮೆ ಸುತ್ತಲೂ ತಡವಿದ. "ದಪ್ಪ ತುದೀನೇ." ಅವನ ಕಣ್ಣೀರು ಬಿದ್ದದ್ದು ಗಾಯದ ಮೇಲೆ.

ಈಗ ನಾನು ಹಬ್ಬದ ಸಭಾಭವನದ ಮೂಲೆಯಲ್ಲಿ ಎರಡು ಕಬ್ಬಿಣದ ಕೊಕ್ಕೆಗಳ ಮೇಲಿದ್ದೇನೆ. ಕತ್ತರಿಸಿದ ತುಂಡು ಟಾರ್ಕಿಲ್‌ನ ಹಾಸಿಗೆಯ ಪಕ್ಕದಲ್ಲಿದೆಯಂತೆ. ಕತ್ತಲಲ್ಲೇ ಅದನ್ನು ಸವರುತ್ತಾನಂತೆ. ಮೊದಲ ವರ್ಷವೇ ಆ ಗೆರೆ ಎಳೆದಿದ್ದರೆ ಮಗುಚುತ್ತಿದ್ದವನು ಅವನೇ, ಕಣ್ಣು ತುಂಬ ನೋಡುತ್ತಿದ್ದವನೂ ಅವನೇ. ಆ ಎರಡು ಬೆರಳಿನ ಗೆರೆ ಬೇಡವೆನ್ನಲು ನನಗೆ ಬಾಯಿರಲಿಲ್ಲ, ಇದ್ದಿದ್ದರೂ ಅನ್ನುತ್ತಿರಲಿಲ್ಲ. ನನ್ನ ಉದ್ದ ಐದು ಮೀಟರ್ ಇಪ್ಪತ್ತಮೂರು ಸೆಂಟಿಮೀಟರ್.