ಮುಖ ನೋಡಿದವರು ಯಾರು

ಗೇಟಿನ ಮೇಲಿನ ದೀಪ ಕೆಂಪಾಯಿತು, ಕೀಂ ಎಂದು ಕೂಗಿತು, ಅಡ್ಡಸರಳು ಅಲ್ಲೇ ನಿಂತುಬಿಟ್ಟಿತು. ಹಿಂದಿದ್ದವರು ಒಬ್ಬರ ಬೆನ್ನಿಗೊಬ್ಬರು ಮುಗ್ಗರಿಸಿದರು. ನರ್ಸ್ ಹಲ್ಲು ಕಡಿದಳು. ಅವಳ ತೋಳು ಹಿಡಿದು ನಿಂತಿದ್ದ ಅತ್ತೆ, "ಏನಾಯ್ತೇ?" ಎಂದರು.

"ಏನಿಲ್ಲ ಅತ್ತೆ. ನಾನು ಕಳ್ಳಿಯಂತೆ."

ರೈಲು ನಿಲ್ದಾಣಕ್ಕೆ ಮುಖ ಗುರುತಿಸುವ ಕ್ಯಾಮೆರಾ ಬಂದಂದಿನಿಂದ ಇದು ಎಷ್ಟನೆಯ ಸಲವೋ, ಅವಳು ಲೆಕ್ಕ ಬಿಟ್ಟಿದ್ದಳು. ಬೇರೆ ಯಾವುದೋ ಊರಲ್ಲಿ ಮನೆಗೆಲಸಕ್ಕೆ ಸೇರಿ, ಮನೆಯನ್ನೇ ಗುಡಿಸಿಕೊಂಡು ಪರಾರಿಯಾದ ಹೆಂಗಸೊಬ್ಬಳಿದ್ದಳಂತೆ; ಕ್ಯಾಮೆರಾದ ಕಣ್ಣಿಗೆ ಇಬ್ಬರೂ ಒಂದೇ. ಪಾಳಿಯಲ್ಲಿದ್ದ ಪೊಲೀಸ್ ದಫೇದಾರನಿಗೆ ಇವಳ ಹೆಸರು, ವಾರ್ಡು, ಮಗಳ ಪರೀಕ್ಷೆಯ ಗೋಳು ಎಲ್ಲ ಬಾಯಿಪಾಠ. ಅವನ ಬಿ.ಪಿ. ನೋಡಿ ಉಪ್ಪು ಬಿಡಿಸಿದವಳೂ ಇವಳೇ. ಆದರೂ ಪಕ್ಕದ ಕೋಣೆಗೆ ಕರೆದು, ಬೆರಳಚ್ಚು ತೆಗೆದು, ಮೇಲಿನ ಕಚೇರಿಯಿಂದ 'ಇವಳಲ್ಲ' ಎಂಬ ಉತ್ತರ ಬರುವವರೆಗೆ ಕೂರಿಸಲೇಬೇಕು.

"ಬನ್ನಿ ಸಿಸ್ಟರ್," ಎಂದ ದಫೇದಾರ, ತಪ್ಪೆಲ್ಲ ತನ್ನದೇ ಎಂಬಂತೆ ಮುಖ ಸಣ್ಣ ಮಾಡಿಕೊಂಡು.

"ಅಲ್ರೀ, ನಾನ್ಯಾರು ಅಂತ ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತು. ಅದಕ್ಕೆ ಗೊತ್ತಿಲ್ಲ."

"ಹಾಗಾದ್ರೆ ಅದಕ್ಕೆ ಹೇಳ್ರೀ!"

"ಹೇಳಕ್ಕೆ ಬಟನ್ ಇಲ್ಲ ಸಿಸ್ಟರ್."

ಕೋಣೆಯಲ್ಲಿ ಯಂತ್ರದ ಕಂಪನಿಯ ಎಂಜಿನಿಯರ್ ಕೂತಿದ್ದ. ಅವನದು ನಯವಾದ ಮಾತು. "ಇದು ನೂರಕ್ಕೆ ತೊಂಬತ್ತೇಳು ಸಲ ಸರಿ ಹೇಳುತ್ತೆ ಮೇಡಂ."

"ಮಿಕ್ಕ ಮೂರು ಸಲದ ಗುತ್ತಿಗೆ ನನಗೇ ಕೊಟ್ಟಿದ್ದೀರಾ? ಅಲ್ಲಿ ಡಯಾಲಿಸಿಸ್‌ಗೆ ಬಂದವರು ಕೈ ಚಾಚಿಕೊಂಡು ಕಾಯ್ತಿರ್ತಾರೆ."

"ಹೋದ ವಾರ ಇಲ್ಲೇ ತಪ್ಪಿಸಿಕೊಂಡ ಮಗುನ ಹುಡುಕಿಕೊಟ್ಟಿದ್ದೂ ಇದೇ ಮೇಡಂ."

ಮಗು ಸಿಕ್ಕಿದ್ದೇನೋ ನಿಜ. ಅದೇ ಅವಳಿಗೆ ಇನ್ನಷ್ಟು ಉರಿ. ಮನೆಯಲ್ಲಾದರೂ ಹೇಳಿಕೊಂಡು ಹಗುರಾಗೋಣವೆಂದರೆ ಅದೂ ಸಾಧ್ಯವಿರಲಿಲ್ಲ. ಚಳಿಗಾಲದಲ್ಲಿ ಅತ್ತೆಯ ಕೈಚೀಲ ಕಿತ್ತುಕೊಂಡು, ಅವರನ್ನು ಫುಟ್‌ಪಾತಿನ ಮೇಲೆ ಕೆಡವಿ ಓಡಿದವನನ್ನು ಪತ್ತೆ ಮಾಡಿದ್ದು ಇಂಥದೇ ಕ್ಯಾಮೆರಾ. ಆಪರೇಷನ್ ಆಗಿ ಅತ್ತೆಯ ಸೊಂಟಕ್ಕೆ ರಾಡು ಬಿತ್ತು, ಕ್ಯಾಮೆರಾ ದೇವರ ಕಣ್ಣಾಯಿತು. ಸೊಸೆ ಗೊಣಗಿದಾಗಲೆಲ್ಲ, "ನೀನು ನೆಟ್ಟಗೆ ನಿಲ್ಲಲ್ಲ, ತಲೆ ತಗ್ಗಿಸಿ ನುಗ್ತೀಯ," ಎಂದು ಅವಳನ್ನೇ ತಿದ್ದುತ್ತಿದ್ದರು. ಗಂಡ ಪೇಪರಿನ ಮರೆಯಲ್ಲಿ ನಗುತ್ತಿದ್ದ. ಇವತ್ತು ಸೊಂಟ ತೋರಿಸಲೆಂದು ಅವರೂ ಸೊಸೆಯ ಆಸ್ಪತ್ರೆಗೇ ಹೊರಟಿದ್ದರು.

"ಎಲ್ಲಿ, ತೋರಿಸಪ್ಪ ಆ ಹೆಂಗಸನ್ನ," ಎಂದು ಅತ್ತೆ ಕನ್ನಡಕ ಏರಿಸಿದರು.

ಪರದೆಯ ಮೇಲೆ ಎರಡು ಮುಖಗಳು ಪಕ್ಕಪಕ್ಕ ಇದ್ದವು. ಅತ್ತೆ ಮೂಗು ತಾಗುವಷ್ಟು ಹತ್ತಿರ ಹೋದರು. "ಇವಳೆಲ್ಲಿ, ನಮ್ಮ ಹುಡುಗಿ ಎಲ್ಲಿ! ಗದ್ದ ನೋಡಯ್ಯ. ಕಣ್ಣು ನೋಡು. ನಿನಗೇ ಗೊತ್ತಾಗಲ್ವಾ?"

"ಅಜ್ಜಿ, ಮೆಷಿನ್ ಅಳೆಯೋ ರೀತಿನೇ ಬೇರೆ."

ಅತ್ತೆ ಎರಡೂ ಮುಖಗಳನ್ನು ಮತ್ತೊಮ್ಮೆ ನೋಡಿದರು. ಹಿಂದೆ ಸರಿದು ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ಉತ್ತರ ಬಂತು. "ಮುಗೀತು ಸಿಸ್ಟರ್, ಹೊರಡಿ," ಎಂದ ದಫೇದಾರ. ನರ್ಸ್ ಚೀಲ ಹೆಗಲಿಗೇರಿಸಿದಳು. ಅತ್ತೆ ಮಾತ್ರ ಏಳಲಿಲ್ಲ.

"ಏಳಿ ಅತ್ತೆ, ಈ ರೈಲೂ ತಪ್ಪುತ್ತೆ."

"ನಾನು ಅವನ ಮುಖ ನೋಡೇ ಇರಲಿಲ್ಲ ಕಣೇ."

"ಯಾರದು?"

"ನನ್ನ ಬೀಳಿಸಿದವನದು. ಹಿಂದಿನಿಂದ ಬಂದ, ನಾನು ಬೋರಲು ಬಿದ್ದೆ. ಕಂಡಿದ್ದು ಓಡೋ ಕಾಲು, ಅಷ್ಟೇ. ಪೊಲೀಸ್ ಸ್ಟೇಷನ್ನಲ್ಲಿ ಹೀಗೇ ಎರಡು ಫೋಟೋ ಇಟ್ಟು, ಮೆಷಿನ್ ಇವನೇ ಅಂತಿದೆ, ನೀವೇನಂತೀರಿ ಅಂದ್ರು. ಅದೇ ಅಂದ ಮೇಲೆ ನಾನ್ಯಾಕೆ ಅಲ್ಲ ಅನ್ಲಿ? ನೋಡಿದೀನಿ, ಇವನೇ ಅಂದುಬಿಟ್ಟೆ." ಅವರ ದನಿ ಇಳಿಯಿತು. "ಗೋಡೆಗೆ ಬಣ್ಣ ಹೊಡೆಯೋನಂತೆ. ಅವನ ಹೆಂಡತಿ ಹೊರಗೆ ನಿಂತು ಅಳ್ತಿದ್ಲು. ನಾಚಿಕೆ ಆಗಲ್ವಾ ಅಂತ ಅವಳಿಗೂ ಬೈದು ಬಂದೆ."

ದಫೇದಾರ ಕೆಮ್ಮಿದ. "ಅಜ್ಜಿ, ಅವನೇ ಇದ್ದರೂ ಇರಬಹುದು."

"ಇರಬಹುದಪ್ಪ. ಹಾಗಂತ ಮೆಷಿನ್ ಬೇಕಾದ್ರೆ ಹೇಳಲಿ. ನಾನು ನೋಡಿದೆ ಅಂತ ನಾನ್ಯಾಕೆ ಹೇಳಲಿ?"

ನರ್ಸ್‌ಗೆ ಮೈಯೆಲ್ಲ ಉರಿದುಹೋಯಿತು. ತಿಂಗಳುಗಟ್ಟಲೆ ಇವರ ಬಾಯಲ್ಲಿ ಕ್ಯಾಮೆರಾ ಪುರಾಣ ಕೇಳಿದ್ದಳು. ಹಂಗಿಸಲು ನಾಲಿಗೆ ತುದಿಯಲ್ಲಿ ಬೇಕಾದಷ್ಟು ಮಾತುಗಳಿದ್ದವು. "ಇದು ನಿಮಗೆ ಇವತ್ತೇ, ಈಗಲೇ ನೆನಪಾಗಬೇಕಿತ್ತಾ?" ಎಂದಷ್ಟೇ ಹೊರಬಿತ್ತು. ಆಮೇಲೆ ಆಟೋ ಹಿಡಿದು, ಆಸ್ಪತ್ರೆಯ ಬದಲು ಪೊಲೀಸ್ ಸ್ಟೇಷನ್ನಿನ ದಾರಿ ಹೇಳಿದಳು.

ಸ್ಟೇಷನ್ನಿನ ಇನ್ಸ್‌ಪೆಕ್ಟರ್ ಇಬ್ಬರ ಮಾತನ್ನೂ ಕೇಳಿ ಹಣೆ ಒತ್ತಿಕೊಂಡ. "ಅಮ್ಮಾ, ಕೇಸು ಕೋರ್ಟಿಗೆ ಹೋಗಿದೆ. ಈಗ ಮಾತು ತಿರುಗಿಸಿದ್ರೆ ನಿಮಗೇ ತೊಂದರೆ. ಕ್ಯಾಮೆರಾ ಸುಳ್ಳು ಹೇಳಲ್ಲ."

"ಅದು ಹೇಳದೆ ಇರಬಹುದು," ಎಂದರು ಅತ್ತೆ. "ನಾನು ಹೇಳಿದೀನಿ."

ಇನ್ಸ್‌ಪೆಕ್ಟರ್ ಸೊಸೆಯ ಕಡೆ ತಿರುಗಿದ. "ನೀವು ಓದಿದವರು. ನೀವಾದ್ರೂ ಸ್ವಲ್ಪ ತಿಳಿಸಿ ಹೇಳಿ."

ಅವಳು ವಾರ್ಡಿಗೆ ಫೋನ್ ಮಾಡುತ್ತಿದ್ದಳು. "ಇವತ್ತು ಬರಲ್ಲ. ಇಲ್ಲ, ತಡ ಅಲ್ಲ, ಬರೋದೇ ಇಲ್ಲ. ನನ್ನ ರೋಗಿಗಳನ್ನ ನೀನು ನೋಡ್ಕೋ," ಎಂದಳು. ಫೋನಿಟ್ಟು ಇನ್ಸ್‌ಪೆಕ್ಟರ್ ಕಡೆ ನೋಡಿದಳು. "ನಾನೇನು ಹೇಳಲಿ ಸಾರ್? ನೋಡಿಲ್ಲ ಅಂತಿದ್ದಾರಲ್ಲ, ಬರ್ಕೊಳ್ಳಿ."

"ಅದು ನನ್ನ ಕೈಲಿಲ್ಲ, ಮೇಲಿನ ಸಾಹೇಬರು ಬರಲಿ. ಅಲ್ಲಿವರೆಗೆ ಕೂತಿರಿ. ಯಾವಾಗ ಬರ್ತಾರೋ ನನಗೂ ಗೊತ್ತಿಲ್ಲ."

ಗೋಡೆಗೆ ಒರಗಿದ್ದ ಬೆಂಚು ಗಟ್ಟಿ ಮರದ್ದು. ಅತ್ತೆ ರಾಡಿರುವ ಕಡೆ ಭಾರ ಬೀಳದಂತೆ ಒಂದು ಮಗ್ಗುಲಿಗೆ ವಾಲಿ ಕೂತರು. ನರ್ಸ್ ಒಂದು ಗಳಿಗೆ ನೋಡಿದಳು. ಚೀಲದಿಂದ ಇಸ್ತ್ರಿ ಮಾಡಿದ ಬಿಳಿ ಕೋಟು ತೆಗೆದು, ನಾಲ್ಕು ಮಡಿಕೆ ಮಾಡಿ ಅವರ ಸೊಂಟದಡಿ ತೂರಿಸಿದಳು. ಅತ್ತೆ ಚಪ್ಪಲಿ ಕಳಚಿ, ಕಾಲು ನೀಡಿ, ಬಾಗಿಲ ಕಡೆ ಮುಖ ಮಾಡಿ ಕೂತರು.